ಸಿಮೆಂಟಿನ ಪತ್ರದಲ್ಲಿ ಬ್ಯಾಡಗಿ ಮೆಣಸಿನಕಾಯಿ

ಚಾಕಣದ ಕಾರ್ಖಾನೆಯಲ್ಲಿ ಯಾರನ್ನು ಕೇಳಿದರೂ ತ್ರಿವೇಣಿಗೆ ಟೈಪಿಂಗ್ ಬರುವುದಿಲ್ಲ ಎಂದೇ ಹೇಳುತ್ತಿದ್ದರು. ಹೇಳದೆ ಏನು ಮಾಡಿಯಾರು, ಅವಳೇ ಹಾಗೆ ಹೇಳಿಕೊಂಡಿದ್ದಳು. ಕಾರಿನ ಬಿಡಿಭಾಗ ಮಾಡುವ ಆ ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ಅಳೆದು ನೋಡಿ, ಸರಿಯಿದ್ದದ್ದನ್ನು ಒಂದು ಡಬ್ಬಕ್ಕೂ ಕೆಟ್ಟದ್ದನ್ನು ಇನ್ನೊಂದಕ್ಕೂ ಹಾಕುವುದು ಅವಳ ಕೆಲಸ. 2003ರಲ್ಲಿ ಅಲ್ಲಿಗೊಂದು ಕಂಪ್ಯೂಟರ್ ಬಂತು. ಬೆಂಗಳೂರಿನಿಂದ ಬಂದ ಸೂಪರ್‌ವೈಸರ್ ಲೋಕನಾಥ, "ಮೇಡಂ, ನೀವೇ ಕೂತ್ಕೊಳ್ಳಿ. ದಿನವಿಡೀ ನಿಂತು ಕಾಲು ನೋವು ಯಾಕೆ?" ಎಂದು ಕುರ್ಚಿ ಎಳೆದುಕೊಟ್ಟ.

"ನನಗ ಟೈಪಿಂಗ್ ಬರೂದಿಲ್ರಿ ಸರ್," ಎಂದಳು ತ್ರಿವೇಣಿ. ಸುಳ್ಳಿಗೂ ಒಂದು ಲಜ್ಜೆ ಬೇಕು. ಈ ಮಾತು ಹೇಳುವಾಗಲೇ ಅವಳ ಬೆರಳುಗಳು ಸೀರೆಯ ಮಡಿಕೆಯೊಳಗೆ ಅದೇ ಮಾತನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತಿದ್ದವು. ಯಾರು ಏನು ಮಾತಾಡಿದರೂ ಹಾಗೆಯೇ. ಬಸ್ಸಿನಲ್ಲಿ, ಅಡಿಗೆಮನೆಯಲ್ಲಿ, ಗಂಡನ ಪಕ್ಕದಲ್ಲಿ ಕೂತಾಗಲೂ ಬೆರಳು ಸುಮ್ಮನಿರುತ್ತಿರಲಿಲ್ಲ. ಸತ್ತವರು ಬಂದು ಕಾಡುತ್ತಾರೆಂದು ಜನ ಹೇಳುತ್ತಾರೆ. ಅವಳನ್ನು ಅವಳ ಕೈಯೇ ಕಾಡುತ್ತಿತ್ತು.

ಅವಳು ಬೆಳೆದದ್ದು ಮರಾಠಿ ಸೀಮೆಯ ಧನಕವಡಿಯಲ್ಲಿ. ತಂದೆ ಈರಬಸಪ್ಪ ಗದಗದ ಕಡೆಯವನು, ಮಾರ್ಕೆಟ್ ಯಾರ್ಡಿನ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತ. ಮನೆಯ ಹತ್ತಿರ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಧರ್ಮಣ್ಣ ಮಾಸ್ತರರ ಟೈಪಿಂಗ್ ಕ್ಲಾಸು. ಕೆಳಗೆ ಗಿರಣಿಯ ಸದ್ದು, ಮೇಲೆ ಎಂಟು ಮಷೀನುಗಳ ಸದ್ದು. ಅಲ್ಲಿ ಓದಿದವರಿಗೆ ಕಿವಿ ಮಂದವಾಗುತ್ತದೆ ಎಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು.

ಮಾಸ್ತರರು ಬ್ಯಾಡಗಿಯವರು. ಪುಸ್ತಕದಲ್ಲಿದ್ದ ಪತ್ರಗಳು ಅವರಿಗೆ ಸಪ್ಪೆ ಅನಿಸಿ ತಾವೇ ಒಂದು ಇಂಗ್ಲಿಷ್ ಪತ್ರ ಬರೆದಿದ್ದರು: ದಯಮಾಡಿ ಐವತ್ತು ಚೀಲ ಬ್ಯಾಡಗಿ ಮೆಣಸಿನಕಾಯಿಯನ್ನು ಗೂಡ್ಸ್ ಗಾಡಿಯಲ್ಲಿ ಕಳಿಸಿಕೊಡಿ. ವಿದ್ಯಾರ್ಥಿ ಯಾರೇ ಬರಲಿ, ದಿನಾ ಮೊದಲು ಈ ಪತ್ರವನ್ನು ಹತ್ತು ಸಲ ಹೊಡೆದೇ ಬೇರೆ ಕೆಲಸ. ಎರಡು ವರ್ಷದಲ್ಲಿ ತ್ರಿವೇಣಿ ಎಷ್ಟು ಸಾವಿರ ಚೀಲ ಮೆಣಸಿನಕಾಯಿ ತರಿಸಿದ್ದಳೋ ಆ ಶಿವನೇ ಬಲ್ಲ. ಆ ಕ್ಲಾಸಿನಲ್ಲಿ ಅವಳ ವೇಗಕ್ಕೆ ಸಮ ಬರುತ್ತಿದ್ದವಳು ನೀಲಿಮಾ ಎಂಬ ಮರಾಠಿ ಹುಡುಗಿಯೊಬ್ಬಳೇ.

1995ರ ಮೇ ತಿಂಗಳಲ್ಲಿ ಸರಕಾರಿ ಟೈಪಿಂಗ್ ಪರೀಕ್ಷೆ ನಡೆಯಿತು. ಪಾಸಾದರೆ ತ್ರಿವೇಣಿಗೆ ಕಚೇರಿಯೊಂದರಲ್ಲಿ ಕಾರಕೂನನ ಕೆಲಸ ಕಾದಿತ್ತು. ಮಾಸ್ತರರ ಕ್ಲಾಸಿನಿಂದ ಐದು ಜನ ಕೂತರು. ವೇಗದ ಪರೀಕ್ಷೆಗೆ ಬಂದದ್ದೂ ಒಂದು ವ್ಯಾಪಾರದ ಪತ್ರವೇ: ಐವತ್ತು ಚೀಲ ಸಿಮೆಂಟನ್ನು ಟ್ರಕ್ಕಿನಲ್ಲಿ ಕಳಿಸಿಕೊಡಿ. ತ್ರಿವೇಣಿ ನಿರಾಳವಾಗಿ ಹೊಡೆದು ಎದ್ದು ಬಂದಳು.

ಜುಲೈಯಲ್ಲಿ ಫಲಿತಾಂಶದ ಬದಲು ಪರೀಕ್ಷಾ ಮಂಡಳಿಯ ನೋಟೀಸು ಬಂತು. ತ್ರಿವೇಣಿಯ ಕಾಗದದಲ್ಲಿ ಸಿಮೆಂಟಿನ ಜಾಗದಲ್ಲಿ ಬ್ಯಾಡಗಿ ಮೆಣಸಿನಕಾಯಿ ಇತ್ತು, ಟ್ರಕ್ಕಿನ ಜಾಗದಲ್ಲಿ ಗೂಡ್ಸ್ ಗಾಡಿ. ಅದೊಂದೇ ಆಗಿದ್ದರೆ ನಕ್ಕು ಅಂಕ ಕಳೆಯುತ್ತಿದ್ದರು. ಆದರೆ ನೀಲಿಮಾಳ ಕಾಗದದಲ್ಲೂ ಅದೇ ಮೆಣಸಿನಕಾಯಿ, ಅದೇ ಗಾಡಿ. ಉಳಿದ ಮೂವರದು ನಿಧಾನದ ಕೈ. ಒಂದೊಂದು ಮಾತನ್ನೂ ನೋಡಿ ಹೊಡೆದಿದ್ದರಿಂದ ಅವರಿಗೆ ಏನೂ ಆಗಲಿಲ್ಲ. ಎರಡೂ ಕಾಗದವನ್ನು ಒಂದೇ ಕೈ ಹೊಡೆದಿದೆ, ಆ ಕೈ ಮಾಸ್ತರನದು, ಹುಡುಗಿಯರ ಕಾಗದ ತೆಗೆದು ತನ್ನದನ್ನು ಇಟ್ಟಿದ್ದಾನೆ ಎಂದು ನೋಟೀಸು ಹೇಳಿತು.

ನೀಲಿಮಾಳ ಅಪ್ಪ ವ್ಯವಹಾರಸ್ಥ. ತಪ್ಪಾಯಿತು ಎಂದು ಮಗಳಿಂದ ಬರೆಸಿಕೊಟ್ಟು, ಒಂದು ವರ್ಷದ ಶಿಕ್ಷೆಗೆ ಒಪ್ಪಿ ಕೈತೊಳೆದುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನನ್ನು ಹಿಡಿಯುವುದು ಲೋಕರೂಢಿ. ಇಲ್ಲಿ ಮುಟ್ಟಿಕೊಂಡವಳು ಸಲೀಸಾಗಿ ಮನೆಗೆ ಹೋದಳು, ಮುಟ್ಟಿಕೊಳ್ಳದವಳು ಸಿಕ್ಕಿಬಿದ್ದಳು. ತ್ರಿವೇಣಿಗೆ ಬೇಕಾಗಿದ್ದದ್ದು ಒಂದೇ: ಆ ಕಾಗದ ಹೊಡೆದದ್ದು ತನ್ನ ಕೈಯೇ ಎಂದು ಮಂಡಳಿಯವರು ಒಪ್ಪಬೇಕು. ನೌಕರಿ ಹೋದರೂ ಹೋಗಲಿ ಅನ್ನುವಷ್ಟು ಹಟ ಅವಳಿಗೆ ಬಂದಿತ್ತು.

ಆಗಸ್ಟಿನಲ್ಲಿ ವಿಚಾರಣೆಗೆ ಕರೆದರು. ಹೊರಡುವಾಗ ಈರಬಸಪ್ಪ ಬಾಗಿಲವರೆಗೆ ಬಂದು, "ಮತ್ತ ಹೊಡೀ ಅಂದ್ರ ಒಂದು ಅಕ್ಷರನೂ ತಪ್ಪಬಾರದು ನೋಡವಾ. ನಮ್ಮ ಮಾನ ನಿನ್ನ ಕೈಯಾಗ ಅದ," ಎಂದ. ಪಾಪ, ಒಳ್ಳೆಯದಕ್ಕೇ ಹೇಳಿದ್ದ.

ಧರ್ಮಣ್ಣ ಮಾಸ್ತರರು ಜೊತೆಗೆ ಬಂದಿದ್ದರು. ಅವರನ್ನು ಒಳಗೆ ಬಿಡಲಿಲ್ಲ. ಪಡಸಾಲೆಯ ಬೆಂಚಿನ ಮೇಲೆ ಕೂತರು. ಒಳಗೆ ಮೂವರು ಅಧಿಕಾರಿಗಳು. ತ್ರಿವೇಣಿ ಮೆಣಸಿನಕಾಯಿಯ ಪತ್ರವನ್ನು ಮುಂದಿಟ್ಟು, ದಿನಾ ಹೊಡೆದು ರೂಢಿಯಾದದ್ದು, ಐವತ್ತು ಚೀಲ ಅಂದ ಕೂಡಲೇ ಕೈ ತಾನಾಗಿ ಆ ಕಡೆ ಓಡುತ್ತದೆ ಎಂದು ತನಗೆ ಬಂದ ಮರಾಠಿಯಲ್ಲಿ ಬಿಡಿಸಿ ಹೇಳಿದಳು. ಹಿರಿಯ ಅಧಿಕಾರಿ ಕೆಟ್ಟ ಮನುಷ್ಯನಲ್ಲ. "ಇದು ನಿಮ್ಮ ಮಾಸ್ತರನದೇ ಪತ್ರ ತಾನೆ? ಅಂದರೆ ಅವನ ಕೈಯೇ ಆಯಿತಲ್ಲ!" ಎಂದ. ಆಮೇಲೆ ಯೋಚಿಸಿ, "ಆಗಲಿ, ಕೈ ತಾನಾಗಿ ಓಡುತ್ತದೆ ಅನ್ನುತ್ತೀಯಲ್ಲ, ನಮ್ಮೆದುರಿಗೇ ಓಡಲಿ," ಎಂದು ಬೇರೊಂದು ಪತ್ರ ಕೊಟ್ಟು ಮಷೀನಿನ ಮುಂದೆ ಕೂರಿಸಿ ಗಡಿಯಾರ ನೋಡಿದ.

ತ್ರಿವೇಣಿ ಶುರುಮಾಡಿದಳು. ನಾಲ್ಕು ಸಾಲು ದಾಟುವಷ್ಟರಲ್ಲಿ ಹೆದರಿಕೆ ಹೋಗಿ ಕೈ ಹಗುರಾಯಿತು. ಐದನೆಯ ಸಾಲಿನಲ್ಲಿ ಐವತ್ತು ಚೀಲ ಬಂತು, ಸಕ್ಕರೆಯದು. ಬಲಗೈಯ ಕಿರುಬೆರಳು ಶಿಫ್ಟಿನ ಮೇಲೆ ಹೋಗಿತ್ತು, ಎಡಗೈಯ ತೋರುಬೆರಳು ಬ್ಯಾಡಗಿಯ 'ಬಿ' ಮೇಲೆ ಇಳಿಯುವುದರಲ್ಲಿತ್ತು. ಇಡೀ ಸತ್ಯ ಆ ಬೆರಳಿನ ತುದಿಯಲ್ಲಿತ್ತು. ಒಂದು ಅಕ್ಷರನೂ ತಪ್ಪಬಾರದು! ಅವಳು ಬೆರಳನ್ನು ತಡೆದಳು. ಸಕ್ಕರೆ ಎಂದು ಹೊಡೆದಳು, ಟ್ರಕ್ಕು ಎಂದು ಹೊಡೆದಳು, ಕಾಗದ ಮುಗಿಸಿ ಎತ್ತಿ ಕೊಟ್ಟಳು. ಹಾಲಿನಂಥ ಕಾಗದ, ಒಂದು ತಪ್ಪಿಲ್ಲ.

"ನೋಡು ಮಗಳೇ," ಎಂದ ಅಧಿಕಾರಿ, ನಿಜವಾಗಿಯೂ ಮರುಗಿ, "ನೀನು ಹೊಡೆದರೆ ಮೆಣಸಿನಕಾಯಿ ಬರುವುದಿಲ್ಲ. ನೀನೇ ತೋರಿಸಿಕೊಟ್ಟೆ."

ಕೈ ಹೋಗಿತ್ತು, ನಾನೇ ತಡೆದೆ ಎಂದು ಹೇಳಲು ಅವಳು ಬಾಯಿ ತೆರೆದಳು. ತನ್ನ ಕಿವಿಗೇ ಅದು ಹೊಸದೊಂದು ಸುಳ್ಳಿನ ಹಾಗೆ ಕೇಳಿಸೀತೆಂದು ಬಾಯಿ ಮುಚ್ಚಿದಳು. ಮೂರು ವರ್ಷ ಪರೀಕ್ಷೆಗೆ ಕೂರಬಾರದೆಂದು ಆಜ್ಞೆಯಾಯಿತು. ಮಾಸ್ತರರ ಕ್ಲಾಸಿನ ಮಾನ್ಯತೆ ಹೋಯಿತು, ದೀಪಾವಳಿಯ ಹೊತ್ತಿಗೆ ಎಂಟೂ ಮಷೀನು ಗುಜರಿಗೆ ಹೋದವು. ವಿಚಾರಣೆಯ ದಿನ ರಾತ್ರಿ ಊಟಕ್ಕೆ ಕೂತಾಗ ಈರಬಸಪ್ಪ ತಲೆ ಎತ್ತದೆ ಕೇಳಿದ: "ಖರೇ ಹೇಳವಾ ತ್ರಿವೇಣಿ. ನೀನೇ ಹೊಡದಿದ್ದೇನು?" ಅವಳು ಹೌದೆಂದಳು. ಅವನು ಮತ್ತೆ ಕೇಳಲಿಲ್ಲ, ನಂಬಿದೆ ಎಂದೂ ಹೇಳಲಿಲ್ಲ. ಆರು ವರ್ಷಕ್ಕೆ ತೀರಿಕೊಳ್ಳುವವರೆಗೂ ಹೇಳಲಿಲ್ಲ. ಪರೀಕ್ಷಾ ಮಂಡಳಿಯ ಆಜ್ಞೆಯನ್ನು ಅವಳು ಹೇಗೋ ನುಂಗಿಕೊಂಡಳು, ಅಪ್ಪನ ಆ ಒಂದು ಪ್ರಶ್ನೆ ಗಂಟಲಲ್ಲೇ ಉಳಿಯಿತು.

ಹೀಗೆ ಅವಳು ಚಾಕಣ ಸೇರಿದ್ದು. ಮೂರು ವರ್ಷ ಕಳೆದರೂ ಪರೀಕ್ಷೆಗೆ ಕೂರಲಿಲ್ಲ, ಮಷೀನು ಮುಟ್ಟಲಿಲ್ಲ. ಮಾಸ್ತರರ ಮನೆಯ ಓಣಿ ಬಂದರೆ ಸುತ್ತುಬಳಸಿ ಹೋಗುತ್ತಿದ್ದಳು. ಆಮೇಲೆ ಅವರೂ ಧನಕವಡಿ ಬಿಟ್ಟರು.

2007ರಲ್ಲಿ ಒಂದು ಭಾನುವಾರ ಮಾಸ್ತರರ ಮಗಳು ಪ್ರೇಮಾವತಿ ಸಂತೆಯಲ್ಲಿ ಸಿಕ್ಕಳು. ಅಪ್ಪ ತನ್ನ ಜೊತೆ ಕೊಂಢವಾದಲ್ಲಿ ಇರುವುದಾಗಿ ಹೇಳಿ, "ಒಮ್ಮೆ ಬಂದು ಹೋಗ್ರಿ, ಭಾಳ ನೆನಸ್ತಾರ," ಎಂದಳು. ತ್ರಿವೇಣಿ ಒಂದು ವಾರ ನಿದ್ದೆಗೆಟ್ಟು, ಮುಂದಿನ ಭಾನುವಾರ ಮಧ್ಯಾಹ್ನ ಹೋದಳು. ಮಾಸ್ತರರು ಕಿಟಕಿಯ ಹತ್ತಿರ ಮಂಚದ ಮೇಲೆ ಕೂತಿದ್ದರು, ತೀರ ಇಳಿದುಹೋಗಿದ್ದರು. ಅವಳು ಕುಶಲ ಕೇಳಲಿಲ್ಲ. ನಿಂತಲ್ಲೇ ಹೇಳಿದಳು:

"ಸರ್, ಅವತ್ತು ನನ್ನ ಕೈ ಮೆಣಸಿನಕಾಯಿಗೇ ಹೊಂಟಿತ್ರಿ. ನಾನೇ ತಡದೆ. ನಿಮ್ಮ ಕ್ಲಾಸು ಮುಚ್ಚಿಸಿದಾಕಿ ನಾನು."

"ಗೊತ್ತದ," ಎಂದರು ಮಾಸ್ತರರು. "ನಾ ಹೊರಗ ಬೆಂಚಿನ ಮ್ಯಾಲೆ ಕುಂತಿದ್ನಲ್ಲ? ಒಂದೇ ಓಟದಾಗ ಹೊಂಟಿದ್ದ ಮಷೀನು ನಡುವ ಅರ್ಧ ಕ್ಷಣ ನಿಂತಿತು. ಹುಡುಗಿ ತಪ್ಪು ಹಿಡದ್ಳು ಅಂತ ಅಲ್ಲೇ ತಿಳೀತು ನನಗ."

ತ್ರಿವೇಣಿ ಸ್ಟೂಲು ಎಳೆದುಕೊಂಡು ಕೂತಳು. "ಮತ್ತ ಒಳಗ ಬಂದು ಹೇಳಲಿಲ್ಲಲ್ರಿ? ನಮ್ಮಪ್ಪಗಾದ್ರೂ ಹೇಳಬೇಕಿತ್ತು."

ಮಾಸ್ತರರು ಕಿಟಕಿಯ ಕಡೆ ತಿರುಗಿದರು. "ಖರೇ ಹೇಳ್ತೀನಿ, ಬೈಬ್ಯಾಡ. ಅವಾಗ ನನಗ ಖುಷಿ ಆತು. ಎಂಥಾ ಶಿಷ್ಯೆ ತಯಾರ್ ಮಾಡೇನಿ ಅಂತ ಬೆಂಚಿನ ಮ್ಯಾಲೆ ಕುಂತು ಒಬ್ಬನೇ ನಕ್ಕೆ. ಆ ಖುಷಿಯೊಳಗ ಎದ್ದು ಬರೂದು ಮರತೆ. ಆಮ್ಯಾಲೆ ಹೇಳಾಕ ಮುಖಾ ಉಳೀಲಿಲ್ಲ."

ಹನ್ನೆರಡು ವರ್ಷದಿಂದ ಅವರ ಕಾಲಿಗೆ ಬಿದ್ದು ಅಳಬೇಕೆಂದುಕೊಂಡಿದ್ದವಳಿಗೆ ಆಗ ಬಂದದ್ದು ಅಳುವಲ್ಲ, ಸಿಟ್ಟು. ತಾನೊಬ್ಬಳೇ ಕಂಡಿದ್ದೇನೆಂದುಕೊಂಡದ್ದನ್ನು ಇನ್ನೊಬ್ಬರು ಕೇಳಿದ್ದರು. ಲೋಕದಲ್ಲಿ ಅವಳಿಗೊಬ್ಬ ಸಾಕ್ಷಿ ಇದ್ದ, ಅಪ್ಪ ಬದುಕಿದ್ದಾಗಲೂ ಇದ್ದ. ಪ್ರೇಮಾವತಿ ಚಹಾ ತಂದುಕೊಟ್ಟಳು. ತ್ರಿವೇಣಿ ಕುಡಿದು ಬಟ್ಟಲು ಕೆಳಗಿಟ್ಟಳು. ಏಳುವಾಗ ತ್ರಿವೇಣಿ ಮಾಸ್ತರರ ಕಾಲು ಮುಟ್ಟಿ ನಮಸ್ಕರಿಸಿದಳು. ಹೋಗಿ ಬರ್ತೀನ್ರಿ ಎಂದು ಮಾತ್ರ ಹೇಳಲಾಗಲಿಲ್ಲ.