ಮೈಕಿಲ್ಲದ ರೇಡಿಯೋದ ಮುಂದೆ ಕೇಳಿದ ಪ್ರಶ್ನೆ

ನಮ್ಮ ಮನೆಯಲ್ಲಿ ಒಬ್ಬನಾದರೂ ಡಿಗ್ರಿ ಮಾಡುವುದು ಎಂದಿಗೂ ಸಾಧ್ಯವಿಲ್ಲ ಎಂದವರು ಶೀನ ಮಾವ, ನನ್ನ ತಾಯಿಯ ಅಣ್ಣ. ನಮ್ಮಲ್ಲಿ ಮಾವನ ಮಾತು ಎಂದರೆ ಮನೆಯ ಮಾತು. ಕಾರ್ಕಳದಲ್ಲಿ ಕಲ್ಲು ಕಡಿಸುವ ಮೇಸ್ತ್ರಿಯಾಗಿದ್ದ ಅವರು ನನ್ನ ಕೈಯಲ್ಲಿ ಪುಸ್ತಕ ಕಂಡಾಗಲೆಲ್ಲ, "ಎಮ್ಮೆಗೆ ಇಸ್ತ್ರಿ ಹಾಕಿದ ಹಾಗೆ ಮಾರಾಯ ಇದು" ಎನ್ನುತ್ತಿದ್ದರು.

ನನಗೂ ಕೆಲವು ವಿಷಯಗಳು ಸಾಧ್ಯವೇ ಇಲ್ಲ ಎಂಬ ಖಾತ್ರಿ ಇತ್ತು. ದೈವದ ಮಾತು ಬೇರೆ, ಅದಕ್ಕೆ ನಾನು ಕೈ ಮುಗಿಯುತ್ತೇನೆ. ಆದರೆ ಯಾರೂ ಇಲ್ಲದ ಕಡೆ ಧ್ವನಿ ಕೇಳಿಸಿತು, ಹೆಸರು ಹಿಡಿದು ಕರೆಯಿತು ಎಂದೆಲ್ಲ ಹೇಳುವವರ ಎದುರಿಗೇ ನಗುತ್ತಿದ್ದೆ. ರೇಡಿಯೋ ರಿಪೇರಿ ಮಾಡುವವನಿಗೆ ಧ್ವನಿ ಎಲ್ಲಿಂದ ಬರುತ್ತದೆಂದು ಗೊತ್ತಿರುತ್ತದಲ್ಲ! ಹಾಗಾಗಿ ಈಗ ಹೇಳುವುದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ಕಟಪಾಡಿ ಪೇಟೆಯ ಒಂದು ರೇಡಿಯೋ ಅಂಗಡಿಯಲ್ಲಿ ನನಗೆ ಕೆಲಸ. ಗಲ್ಫಿನಲ್ಲಿ ದುಡಿಯುವವರು ತಂದ, ರೇಡಿಯೋ-ಟೇಪ್ ಎರಡೂ ಇರುವ ಟೂ-ಇನ್-ವನ್‌ಗಳು ನಮ್ಮ ಉಪ್ಪುಗಾಳಿಗೆ ಬೇಗ ಕೆಡುತ್ತಿದ್ದುದರಿಂದ ಕೆಲಸಕ್ಕೆ ಬರ ಇರಲಿಲ್ಲ. ಸಂಜೆ ಬಸ್ಸು ಹತ್ತಿ ಉಡುಪಿಗೆ ಹೋಗಿ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಓದುತ್ತಿದ್ದೆ. ಅಂಗಡಿಯ ಮೇಲಿನ ಚಿಕ್ಕ ಕೋಣೆಯಲ್ಲೇ ವಾಸ. ತಾಯಿ ಕಾಪುವಿನ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. ಜೊತೆಗೆ ಆಡಿ ಬೆಳೆದವರೆಲ್ಲ ಬೊಂಬಾಯಿ, ಮಸ್ಕತ್ ಎಂದು ಹೊರಟುಹೋಗಿದ್ದರು. ಯಾವ ಪಾಠ ಮೊದಲು ಓದಬೇಕು, ಒಂದು ಪೇಪರ್ ಹೋದರೆ ಮುಂದೆ ಎಂತ ಎಂದು ಕೇಳಲು ನನ್ನ ಕುಲದಲ್ಲೇ ಯಾರೂ ಇರಲಿಲ್ಲ. ಕಾಲೇಜು ಓದಿದ ಅಣ್ಣನೊಬ್ಬ ಮನೆಯಲ್ಲಿರುವವರಿಗೆ ಈ ಕಷ್ಟ ಗೊತ್ತಾಗುವುದಿಲ್ಲ.

ಆ ಒಂಟಿತನಕ್ಕೆ ನನಗೆ ಸಿಕ್ಕಿದ ಜೊತೆ ಹ್ಯಾಮ್ ರೇಡಿಯೋದವರು. ಲೈಸೆನ್ಸ್ ಪಡೆದು ಮನೆಯಿಂದಲೇ ಆಕಾಶದಲ್ಲಿ ಮಾತಾಡಿಕೊಳ್ಳುವ ಹವ್ಯಾಸಿಗಳು ಅವರು. ಸಾದಾ ರೇಡಿಯೋದಲ್ಲಿ ಅವರ ಮಾತು ಬಾತುಕೋಳಿ ಕೂಗಿದ ಹಾಗೆ ಕೇಳುತ್ತದೆ. ಗಿರಾಕಿಯೊಬ್ಬ ಬಿಟ್ಟುಹೋದ ಹಳೆಯ ಸೆಟ್ಟಿಗೆ ನಾನು ಒಂದು ಸಣ್ಣ ಆಸಿಲೇಟರ್, ಎಂದರೆ ತಾನೇ ತರಂಗ ಹುಟ್ಟಿಸುವ ಸರ್ಕ್ಯೂಟ್, ಕಟ್ಟಿ ಸೇರಿಸಿದೆ. ಬಾತುಕೋಳಿಗಳು ಮನುಷ್ಯರಾದವು.

ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಅವರೆಲ್ಲ ರೇಡಿಯೋದಲ್ಲೇ ಒಂದು ಕಡೆ ಸೇರುತ್ತಿದ್ದರು. ಇದಕ್ಕೆ ನೆಟ್ ಎಂದು ಹೆಸರು. ಮಣಿಪಾಲದ ಒಬ್ಬ ಮೇಷ್ಟ್ರು ಅದನ್ನು ನಡೆಸುವವರು. ಒಬ್ಬೊಬ್ಬರೂ ಲೈಸೆನ್ಸಿನ ಜೊತೆ ಸಿಕ್ಕಿದ ತಮ್ಮ ಕರೆಸಂಕೇತ ಹೇಳಿಯೇ ಮಾತಾಡಬೇಕು, ಅದಿಲ್ಲದೆ ಬಾಯಿ ತೆರೆಯುವಂತಿಲ್ಲ. ಆಂಟೆನಾದ ವಿಷಯ ಮುಗಿದ ಮೇಲೆ ಮನೆಯ ವಿಷಯ ಬರುತ್ತಿತ್ತು. ತೆಂಗಿನ ಸುಳಿಗೆ ಕುರುವಾಯಿ ಹುಳ ಬಿದ್ದಿದೆ, ಎಂತ ಮಾಡುವುದು? ಮಗ ಎಡಗೈಯಲ್ಲಿ ಬರೆಯುತ್ತಾನೆ, ತಿದ್ದಬೇಕಾ? ಮೇಲಿನ ಸಾಹೇಬರ ಕಿರಿಕಿರಿ, ಕೆಲಸ ಬಿಡಲಾ? ಯಾರೋ ಕೇಳುವುದು, ಮುಖವೇ ಕಾಣದ ಇನ್ಯಾರೋ ಸಮಾಧಾನವಾಗಿ ಉತ್ತರ ಕೊಡುವುದು. ಕೊನೆಗೆ ಮೇಷ್ಟ್ರು, "ಇನ್ನು ಯಾರಾದರೂ ಇದ್ದೀರಾ?" ಎಂದು ಕೇಳುತ್ತಿದ್ದರು. ನನ್ನಲ್ಲಿ ಲೈಸೆನ್ಸ್ ಇಲ್ಲ, ಕಳುಹಿಸುವ ಯಂತ್ರವಿಲ್ಲ, ಮೈಕಿಲ್ಲ. ಆದರೂ ದಿನಾ ಗಟ್ಟಿಯಾಗಿ, "ನಾನಿದ್ದೇನೆ, ಕಟಪಾಡಿಯಿಂದ" ಎನ್ನುತ್ತಿದ್ದೆ. ಕೋಣೆಯಲ್ಲಿ ನನ್ನದೇ ಧ್ವನಿ ಕೇಳಿದರೂ ಸಾಕಿತ್ತು.

ಕೊನೆಯ ವರ್ಷದ ಪರೀಕ್ಷೆ ಹತ್ತಿರ ಬಂದಾಗ ಶೀನ ಮಾವ ಬಹ್ರೈನಿನಲ್ಲಿ ನನಗೊಂದು ಕೆಲಸ ಗೊತ್ತುಮಾಡಿದರು. ಪರೀಕ್ಷೆಗೆ ಮೊದಲೇ ಹೊರಡಬೇಕು. "ನಾಳೆ ಸಂಜೆ ಬರುತ್ತೇನೆ, ಪಾಸ್‌ಪೋರ್ಟ್ ತೆಗೆದಿಡು" ಎಂದು ಹೇಳಿಹೋದರು. ಹೋದರೆ ಡಿಗ್ರಿ ಅಲ್ಲಿಗೆ ಮುಗಿಯಿತು. ಹೋಗದಿದ್ದರೆ ಮಾವನ ಸಂಬಂಧ ಮುಗಿಯಿತು. ಅಕೌಂಟೆನ್ಸಿಯಲ್ಲಿ ಒಮ್ಮೆ ಫೇಲಾದವನು ನಾನು. ಈ ಸಲ ಪಾಸಾಗುತ್ತೇನೆಂದು ಯಾವ ಬಾಯಲ್ಲಿ ಹೇಳುವುದು?

ಮರುದಿನ ಬೆಳಿಗ್ಗೆ ಎಂದಿನಂತೆ ಚಹಾ ಮಾಡಿ ರೇಡಿಯೋ ಹಾಕಿದೆ. ನೆಟ್ ಮುಗಿಯುತ್ತಾ ಬಂದಿತ್ತು. "ಇನ್ನು ಯಾರಾದರೂ ಇದ್ದೀರಾ?" ಎಂದರು ಮೇಷ್ಟ್ರು.

"ಕಟಪಾಡಿಯಿಂದ ನಾನಿದ್ದೇನೆ. ನನ್ನದೊಂದು ಪ್ರಶ್ನೆ ಉಂಟು. ಕೊನೆಯ ಪರೀಕ್ಷೆ ಬಿಟ್ಟು ಗಲ್ಫಿಗೆ ಹೋಗಬೇಕಾ, ಇಲ್ಲಿಯೇ ನಿಲ್ಲಬೇಕಾ?" ಎಂದು ಕೇಳಿಯೇಬಿಟ್ಟೆ. ಕೇಳಿದ್ದು ಯಾರನ್ನು? ಗೋಡೆಯನ್ನು. ಕಣ್ಣಲ್ಲಿ ನೀರು ಬಂತು.

ಸ್ವಲ್ಪ ಹೊತ್ತು ಬರೀ ಗಾಳಿ ಬೀಸಿದಂಥ ಸದ್ದು. ಆಮೇಲೆ ಒಬ್ಬ ವಯಸ್ಸಾದವರ ಧ್ವನಿ, ಪಕ್ಕದಲ್ಲೇ ಕುಳಿತವರ ಹಾಗೆ ಸ್ಪಷ್ಟವಾಗಿ, ಬಂತು.

"ಕಟಪಾಡಿಯವರೇ, ಕೇಳಿಸಿತು. ಪರೀಕ್ಷೆ ಬರೆಯಿರಿ. ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ, ಆಮೇಲೆಯೂ ದಾಟಬಹುದು."

ನಾನು ರೇಡಿಯೋಗೆ ಮುಖ ಹತ್ತಿರ ತಂದೆ. "ನೀವು ಯಾರು?" ಎಂದೆ.

"ಅದು ಬೇಡ. ಚಹಾ ಆರುತ್ತಾ ಉಂಟು, ಮೊದಲು ಕುಡಿಯಿರಿ."

ನನ್ನ ಚಹಾ ಕಿಟಕಿಯ ಕಟ್ಟೆಯ ಮೇಲಿತ್ತು, ಮುಟ್ಟಿರಲಿಲ್ಲ. ಮತ್ತೆ ಅದೇ ಗಾಳಿಯ ಸದ್ದು. ಅದರ ಹಿಂದೆಯೇ ಮೇಷ್ಟ್ರ ಧ್ವನಿ: "ಸರಿ, ಯಾರೂ ಇಲ್ಲ. ನಾಳೆ ಸಿಗೋಣ."

ಸಂಜೆ ಶೀನ ಮಾವ ಬಸ್ಸಿಳಿದು ಕೈ ಚಾಚಿದರು. ನಾನು ಪಾಸ್‌ಪೋರ್ಟ್ ಕೊಡಲಿಲ್ಲ. ಯಾಕೆ ಎಂದು ಕೇಳಿದ್ದಕ್ಕೆ ಸುಳ್ಳು ಹೊಳೆಯದೆ, ಇದ್ದದ್ದನ್ನು ಹೇಳಿದೆ. ಪೇಟೆಯವರೆಲ್ಲ ತಿರುಗಿ ನೋಡುವ ಹಾಗೆ ಅವರು ನಕ್ಕರು. "ಓಹೋ, ರೇಡಿಯೋ ಹೇಳಿತಾ? ನಾಳೆ ಮಿಕ್ಸಿ ಎಂತ ಹೇಳುತ್ತದೆ, ಅದನ್ನೂ ಕೇಳಿ ಇಡು ಮಾರಾಯ!" ಎಂದವರು ನಗು ನಿಲ್ಲಿಸಿ, "ಇನ್ನು ನನ್ನ ಮೆಟ್ಟಿಲು ಹತ್ತಬೇಡ" ಎಂದು ಬಂದ ಬಸ್ಸು ಹತ್ತಿ ಹೋದರು. ಪರೀಕ್ಷೆ ಮುಗಿಯುವವರೆಗೆ ನಾನು ಯಾರೊಂದಿಗೂ ನಾಲ್ಕು ಮಾತಿಗಿಂತ ಹೆಚ್ಚು ಆಡಿದ ನೆನಪಿಲ್ಲ. ಬೆಳಿಗ್ಗೆ ರೇಡಿಯೋ ಹಾಕುತ್ತಿದ್ದೆ. ಆ ಧ್ವನಿ ಮತ್ತೆ ಬರಲಿಲ್ಲ.

ಪರೀಕ್ಷೆ ಮುಗಿದ ಮೇಲೆ ಸೆಟ್ಟನ್ನು ಬಿಚ್ಚಿ ಮೇಜಿನ ಮೇಲೆ ಹರಡಿದೆ. ಅಂಗಡಿಯ ಧಣಿ ಕ್ರಿಶ್ಚಿಯನ್ನರು. ಹಿರಿಯರಾದ ಅವರನ್ನು ನಾವು ಪೊರ್ಬುಗಳೇ ಎಂದು ಕರೆಯುತ್ತಿದ್ದೆವು. "ನಿನ್ನ ಆಸಿಲೇಟರಿನ ತರಂಗ ಸ್ವಲ್ಪ ಹೊರಗೆ ಸೋರುತ್ತಿರಬಹುದು" ಎಂದರು ಅವರು. ಸೋರುತ್ತಿತ್ತು, ನಿಜ. ಇನ್ನೊಂದು ಸೆಟ್ ಹಿಡಿದು ಹೊರಗೆ ನಿಂತು ನೋಡಿದೆವು. ರಸ್ತೆ ದಾಟುವ ಮೊದಲೇ ಆ ಸೋರಿಕೆ ಸತ್ತುಹೋಗುತ್ತಿತ್ತು. ಅದರಲ್ಲಿ ಮಾತಂತೂ ಇರಲೇ ಇಲ್ಲ, ಬರೀ ಶಿಳ್ಳೆ.

ಕೊನೆಗೆ ಧೈರ್ಯ ಮಾಡಿ ಮಣಿಪಾಲಕ್ಕೆ, ಆ ಮೇಷ್ಟ್ರ ಮನೆಗೇ ಹೋದೆ. ದಿನ ಹೇಳಿ, ಆ ಬೆಳಿಗ್ಗೆ ಕೊನೆಗೆ ಉತ್ತರ ಕೊಟ್ಟ ವಯಸ್ಸಾದವರು ಅವರ ನೆಟ್ಟಿನವರಾ ಎಂದು ಕೇಳಿದೆ. ಅಂಥ ಧ್ವನಿ ತಾವು ಕೇಳಿಲ್ಲ, ಆ ದಿನವಂತೂ ಯಾರೂ ಉತ್ತರ ಕೊಟ್ಟಿಲ್ಲ ಎಂದರು. ನಾನು ಏಳುವಷ್ಟರಲ್ಲಿ ಅವರು ನನ್ನ ಮುಖವನ್ನೇ ನೋಡುತ್ತಾ, "ನಿಲ್ಲಿ, ಆ ಹುಡುಗ ನೀವೇನಾ? ಕಟಪಾಡಿಯಿಂದ ಯಾರೋ ಪರೀಕ್ಷೆಯ ವಿಷಯ ಕೇಳಿದ್ದು ನನಗೆ ಕೇಳಿಸಿತ್ತು. ಕರೆಸಂಕೇತ ಹೇಳಿ, ಕರೆಸಂಕೇತ ಹೇಳಿ ಎಂದು ಎರಡೆರಡು ಸಲ ಕೇಳಿದೆ. ನೀವು ಮಾತಾಡಲಿಲ್ಲ" ಎಂದರು.

ಅವರು ಹಾಗೆ ಕೇಳಿದ್ದು ನನಗೆ ಕೇಳಿಸಿರಲಿಲ್ಲ. ಅವರು ಸಂಕೇತ ಕೇಳುತ್ತಿದ್ದ ಅದೇ ಹೊತ್ತಿನಲ್ಲಿ ನನ್ನೊಂದಿಗೆ ಬೇರೆ ಯಾರೋ ಮಾತಾಡುತ್ತಿದ್ದರು. ಮೈಕಿಲ್ಲದವನ ಮಾತು ಮಣಿಪಾಲದ ಗುಡ್ಡ ಹತ್ತಿದ್ದು ಹೇಗೆ, ಉತ್ತರ ಕೊಟ್ಟವರು ಯಾರು? ಆಮೇಲೆ ನಾನೂ ಲೈಸೆನ್ಸ್ ತೆಗೆದುಕೊಂಡೆ, ಆ ವಿದ್ಯೆಯನ್ನು ಚೆನ್ನಾಗಿಯೇ ಕಲಿತೆ. ಕಲಿತಷ್ಟೂ ಅದು ಸಾಧ್ಯವಿಲ್ಲ ಎಂಬುದೇ ಗಟ್ಟಿಯಾಯಿತು. ನಡೆದದ್ದಂತೂ ನಡೆದಿದೆ.

ನಾನು ಪಾಸಾದೆ. ಸರ್ಟಿಫಿಕೇಟ್ ಕೈಗೆ ಬಂದ ದಿನವೇ ಕಾಪುವಿಗೆ ಹೋಗಿ ತಾಯಿಯ ಕೈಯಲ್ಲಿ ಇಟ್ಟೆ. ಅವರು ಬೀಡಿಯ ಎಲೆ ಬದಿಗೆ ಸರಿಸಿ, ಸೆರಗಿಗೆ ಕೈ ಒರೆಸಿ ತೆಗೆದುಕೊಂಡರು. ಓದಲು ಬಾರದು. ನನ್ನ ಹೆಸರು ಯಾವುದೆಂದು ಕೇಳಿ ಅದರ ಮೇಲೆ ಬೆರಳಿಟ್ಟು ಸುಮಾರು ಹೊತ್ತು ಕುಳಿತರು. ರೇಡಿಯೋದ ಕಥೆ ಹೇಳಿದಾಗ ಒಂದೂ ಪ್ರಶ್ನೆ ಕೇಳದೆ ನಂಬಿದವರು ಅವರೊಬ್ಬರೇ. ಈಗ ತಲೆ ಎತ್ತಿ ಕೇಳಿದರು:

"ಪಾಸಾದದ್ದನ್ನು ಅವರಿಗೆ ಹೇಳಿದೆಯಾ ಮಗಾ? ಪಾಪ, ಅವರೂ ಕಾಯುತ್ತಿರಬಹುದು."