ಬಾಯಿಗೆ ಬಣ್ಣ ಬಿದ್ದ ಬಾಸ್ಕೆಟ್‌ಬಾಲ್ ತಾರೆ

‘ಮೊದಲು ಇವನನ್ನ ಅಳಿಸಿ, ಆಮೇಲೆ ಹತ್ತುತ್ತೀನಿ’ ಎಂದು ನಿವೃತ್ತ ಟೀಚರೊಬ್ಬರು ಛತ್ರಿಯ ತುದಿಯಿಂದ ಮಟಾಟುವಿನ ಮೈಗೆ ಕುಟ್ಟಿದರು. ನೈರೋಬಿಯಲ್ಲಿ ಬಸ್ಸಿನಂತೆ ಓಡುವ ಈ ಖಾಸಗಿ ವ್ಯಾನುಗಳಿಗೆ ಮೈತುಂಬ ತಾರೆಯರ ಚಿತ್ರ ಬೇಕೇ ಬೇಕು. ಲ್ಯಾವಿಂಗ್ಟನ್ ಬಡಾವಣೆಯ ನಮ್ಮ ಮಟಾಟುವಿನ ಮೇಲಿದ್ದವನು ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ. ಅವನು ಯಹೂದಿಗಳ ಬಗ್ಗೆ ನಾಲಿಗೆ ಹರಿಬಿಟ್ಟ ಸುದ್ದಿ ಅಂದಿನ ಪೇಪರಿನಲ್ಲಿತ್ತು.

ಅವನಿಲ್ಲದೆ ಅವನ ತಂಡ ಗೆಲ್ಲುವುದೇ ಇಲ್ಲ ಎಂದು ಡ್ರೈವರ್ ಹಟ ಹಿಡಿದ. ಆಫೀಸಿಗೆ ತಡವಾಗುತ್ತಿದ್ದರೂ ನನ್ನ ಸಹೋದ್ಯೋಗಿ, ಮೈಸೂರಿನ ಶ್ರೀಧರ, ಕೆಳಗಿಳಿದು ಡ್ರೈವರನ ವಕೀಲನಾದ. ಕ್ರಿಕೆಟ್ ಬಿಟ್ಟರೆ ಬೇರೆ ಆಟವನ್ನೇ ನೋಡದ ಮನುಷ್ಯ! ಪ್ರಯಾಣಿಕರೆಲ್ಲ ಇಳಿದು ಎರಡು ಪಕ್ಷವಾದರು.

‘ಅದೇ ತಂಡದಲ್ಲಿ ಒಬ್ಬ ಯಹೂದಿ ಹುಡುಗ ಇದ್ರೆ, ಇವನು ಅವನಿಗೆ ಚೆಂಡು ಪಾಸ್ ಮಾಡ್ತಾನೇನಪ್ಪಾ?’ ಎಂದು ಟೀಚರ್ ಕೇಳಿದರು. ಶ್ರೀಧರ ಕ್ರಿಕೆಟ್ಟಿನ ಉದಾಹರಣೆ ತೆಗೆದ. ಕೊನೆಗೆ ಟೀಚರ್ ನಡೆದೇ ಹೋದರು. ಅವರ ಹಿಂದೆ ಅರ್ಧ ಮಟಾಟು ಹೋಯಿತು.

ಮರುದಿನ ನೋಡಿದರೆ ತಾರೆ ಅಲ್ಲೇ ಇದ್ದ, ಕೈಯಲ್ಲಿ ಚೆಂಡೂ ಇತ್ತು. ಬಾಯಿಯ ಮೇಲೆ ಮಾತ್ರ ದಪ್ಪಗೆ ಹಳದಿ ಬಣ್ಣ ಬಳಿದಿತ್ತು. ಟೀಚರ್ ಕಣ್ಣು ಕಿರಿದು ಮಾಡಿ ನೋಡಿ, ‘ಅಸಾಂಟೆ’ ಎಂದು ಕಂಡಕ್ಟರನಿಗೆ ಥ್ಯಾಂಕ್ಸ್ ಹೇಳಿ ಹತ್ತಿದರು. ಶ್ರೀಧರ ಮತ್ತೆ ‘ಬಟ್ ಮೇಡಂ...’ ಎಂದು ಶುರು ಮಾಡಿದ. ಕಂಡಕ್ಟರ್ ಸೀಟಿನಡಿಯಿಂದ ಉಳಿದ ಬಣ್ಣದ ಡಬ್ಬ ಎತ್ತಿ ತೋರಿಸಿದ.

ಈಗಲೂ ಮೀಟಿಂಗುಗಳಲ್ಲಿ ಶ್ರೀಧರ ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕಿದಾಗ, ನಾನು ಅವನ ಕಿವಿಯಲ್ಲಿ ಕೇಳುವುದು ಒಂದೇ: ‘ಡಬ್ಬ ತರಿಸ್ಲೇನೋ?’