ಮುದ್ದೇಬಿಹಾಳದಲ್ಲಿ ತುಂಬಿದ ಉಡಿ

ಟಕಟಕ, ಟಕಟಕ. ಊಟದ ಡಬ್ಬಿಯ ಮುಚ್ಚಳದ ಮೇಲೆ ಬೆರಳುಗಳ ಸದ್ದು. ಆ ಚಳಿಗಾಲದ ಪ್ರಯಾಣ ನೆನಪಾದರೆ ನನಗೆ ಮೊದಲು ಕೇಳುವುದು ಅದೇ.

ಇಂಡಿಯಲ್ಲಿ ಬೆಳಗಿನ ಬಸ್ಸು ಹತ್ತಿದೆ. ಕಂಡಕ್ಟರ್ ಹೆಂಗಸರ ಸೊನ್ನೆ ಟಿಕೆಟ್ ಕೊಡುತ್ತ, "ಇಷ್ಟ್ ಥಂಡಿಯೊಳಗ ಎಲ್ಲಿಗ್ರಿ ಅಮ್ಮಾರ?" ಎಂದ.

"ಬಸವನ ಬಾಗೇವಾಡಿಗೆ. ಥಾಯ್ಲೆಂಡ್ ಪೊಲೀಸರ ಜೋಡಿ ಮಾತಾಡೋದೈತಿ."

"ಈ ಗಾಡಿ ಸಿಂದಗಿ ತನಕ ಅಷ್ಟ್ರಿ. ಥಾಯ್ಲೆಂಡಿಗೆ ಅಲ್ಲಿ ಬಸ್ ಬದಲಿ ಮಾಡ್ರಿ!"

ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ನಾನು ಹೇಳಿದ್ದು ಜೋಕ್ ಆಗಿರಲಿಲ್ಲ.

ಲಿಂಬೆ ತೋಟಗಳು ಹಿಂದಾಗಿ ತೊಗರಿ ಹೊಲಗಳು ಬಂದವು. ಸಿಂದಗಿ ನಿಲ್ದಾಣದಲ್ಲಿ ರೇಣುಕಾ ಕಾಯುತ್ತಿದ್ದಳು. ಇಂಡಿಯಲ್ಲಿ ನನ್ನ ಹತ್ತಿರ ಇಂಗ್ಲಿಷ್ ಕಲಿತ ಹುಡುಗಿ, ಮದುವೆಯಾಗಿ ಈ ಊರು ಸೇರಿದವಳು. ಮುದ್ದೇಬಿಹಾಳದ ಏಜೆಂಟನೊಬ್ಬ ಬ್ಯಾಂಕಾಕಿನಲ್ಲಿ ಟೈಪಿಂಗ್ ಕೆಲಸವೆಂದು ಇವಳನ್ನೂ ಗೆಳತಿ ಸಾವಿತ್ರಿಯನ್ನೂ ಕಳಿಸಿದ್ದ. ಅಲ್ಲಿಂದ ರಾತ್ರೋರಾತ್ರಿ ಹೊಳೆ ದಾಟಿಸಿ ಮ್ಯಾನ್ಮಾರಿನ ಎತ್ತರದ ಗೋಡೆಗಳೊಳಗೆ ಕೂಡಿಹಾಕಿದರು. ಪರದೇಶದ ಒಂಟಿ ಮುದುಕರಿಗೆ ಪ್ರೀತಿಯ ಮೆಸೇಜು ಬರೆದು ಅವರನ್ನು ದೋಚುವುದೇ ಕೆಲಸ. ನೆರೆಯ ದೇಶಗಳ ಪೊಲೀಸರು ಒಟ್ಟಾಗಿ ದಾಳಿ ಮಾಡಿದಾಗ ರೇಣುಕಾ ಪಾರಾದಳು. ಸಾವಿತ್ರಿಯನ್ನು ಅಷ್ಟರೊಳಗೆ ಬೇರೆಡೆಗೆ ಸಾಗಿಸಿದ್ದರು.

ಮರುದಿನ ಬಾಗೇವಾಡಿಯ ಪೊಲೀಸ್ ಕಚೇರಿಯಲ್ಲಿ, ವಿಡಿಯೋ ಲಿಂಕ್ ಮೇಲೆ, ರೇಣುಕಾ ಎರಡು ದೇಶಗಳ ಅಧಿಕಾರಿಗಳಿಗೆ ಸ್ಟೇಟ್‌ಮೆಂಟ್ ಕೊಡಬೇಕಿತ್ತು. ಅವಳ ಕನ್ನಡವನ್ನು ಇಂಗ್ಲಿಷಿಗೆ ತಿರುಗಿಸಲು ನಾನು ಜೊತೆಗೆ. ಏಜೆಂಟ್ ವಿಜಯಪುರದ ಜೈಲಿನಲ್ಲಿದ್ದ. ಇವಳು ಬಾಯಿ ಬಿಟ್ಟರಷ್ಟೇ ಅವನ ಮೇಲೆ ಕೇಸು ನಿಲ್ಲುವುದು, ಅಲ್ಲಿಯವರಿಗೆ ಸಾವಿತ್ರಿಯನ್ನು ಹುಡುಕುವ ದಾರಿ ಸಿಗುವುದು.

ತಾಳಿಕೋಟೆ ದಾರಿಯಲ್ಲಿ ಬಸ್ಸಿನಲ್ಲೇ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಡಬ್ಬಿ ಮುಚ್ಚಿದ್ದೇ ತಡ, ಅವಳ ಬೆರಳುಗಳು ಅದರ ಮೇಲೆ ಟೈಪ್ ಮಾಡತೊಡಗಿದವು. ಅವಳಿಗೇ ಗೊತ್ತಿರಲಿಲ್ಲ.

"ನೀವು ಕಲಿಸಿದ ಇಂಗ್ಲಿಷ್‌ಗೆ ಅಲ್ಲಿ ಭಾಳ ಕಿಮ್ಮತ್ತಿತ್ರಿ ಟೀಚರ್. 'ಯುವರ್ ಗ್ರಾಮರ್ ಈಸ್ ಬ್ಯೂಟಿಫುಲ್' ಅಂತ ಒಬ್ಬ ಮುದುಕ ಬರದಿದ್ದ" ಎಂದು ನಕ್ಕಳು. ಆಮೇಲೆ ಕಿಟಕಿಯಾಚೆ ನೋಡುತ್ತ, "ನಾಳೆ ನಾ ಏನೂ ಹೇಳಂಗಿಲ್ರಿ" ಎಂದಳು.

"ಯಾಕ ರೇಣು?"

ಚೀಲದಿಂದ ಒಂದು ಕುಪ್ಪಸದ ಖಣ ತೆಗೆದಳು. ಹಸಿರು ಬಟ್ಟೆ, ಕೆಂಪು ಅಂಚು, ಮಡಿಕೆಯೆಲ್ಲ ಸವೆದಿತ್ತು. ಪಾಸ್‌ಪೋರ್ಟ್ ಕೊಡಲು ಏಜೆಂಟನ ಮನೆಗೆ ಹೋದ ದಿನ ಅವನ ತಾಯಿ ನೀಲವ್ವ ಇಬ್ಬರನ್ನೂ ಮಣೆಯ ಮೇಲೆ ಕೂಡಿಸಿ, ತವರಿನ ಮಕ್ಕಳಿಗೆ ತುಂಬುವಂತೆ ಅಕ್ಕಿ, ಒಣಕೊಬ್ಬರಿ, ಖಣ ಮಡಿಲಿಗಿಟ್ಟು ಉಡಿ ತುಂಬಿದ್ದಳಂತೆ. ಮಗನ ದಂಧೆ ಆಗ ಆಕೆಗೆ ಗೊತ್ತಿರಲಿಲ್ಲ.

"ಫೋನ್ ಕಸಕೊಂಡ್ರು, ಪಾಸ್‌ಪೋರ್ಟ್ ಕಸಕೊಂಡ್ರು. ಇದನ್ನ ಮಾತ್ರ ಬರೇ ಬಟ್ಟಿ ತುಂಡಂತ ಬಿಟ್ರು. ತಲಿ ಕೆಳಗ ಇಟಕೊಂಡ ಮಲಗತಿದ್ದೆ. ಉಡಿ ತುಂಬಿದಾಕಿ ಮಗಗ ನಾನ ಶಿಕ್ಷಾ ಕೊಡಸ್ಲಿ? ಆ ಮನಿಗೆ ಕೇಡು ಮಾಡಿದ್ರ ನನಗ ಛಲೋ ಆಗತೈತೇನ್ರಿ?"

"ಮತ್ತ ಸಾವಿತ್ರಿ?" ಎಂದೆ. ಅವಳು ಅತ್ತಳು. ಕೊನೆಗೆ, ಮುದ್ದೇಬಿಹಾಳದಲ್ಲಿ ಇಳಿದು ಖಣ ವಾಪಸ್ ಕೊಡುತ್ತೇನೆ, ಹಾಗೆ ಋಣ ಹರಿದರೆ ಮಾತಾಡುತ್ತೇನೆ ಎಂದಳು. ಉಡಿ ಹಿಂದಿರುಗಿಸಿದವರನ್ನು ನಾನಂತೂ ಕಂಡಿರಲಿಲ್ಲ.

ನೀಲವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ರೇಣುಕಾಳನ್ನು ಕಂಡವಳೇ ಮೊರ ಕೆಳಗಿಟ್ಟಳು. ಮೈಮುಟ್ಟಿ ನೋಡಿದಳು. ನನ್ನನ್ನು ತನ್ನ ಟೀಚರ್ ಎಂದು ರೇಣುಕಾ ಪರಿಚಯಿಸಿದಳು.

"ಇಬ್ಬರಿಗೆ ಉಡಿ ತುಂಬಿ ಕಳಸಿದ್ದೆ. ಒಬ್ಬಾಕೇ ಬಂದೀಯಲ್ಲ. ಆಕಿ ಎಲ್ಲಿ?"

ರೇಣುಕಾ ಖಣ ಚಾಚಿದಳು. "ತಗೋರಿ ಆಯಿ. ನಾಳೆ ನಾ ನಿಮ್ಮ ಮಗನ ಹೆಸರು ಹೇಳಬೇಕು."

ನೀಲವ್ವ ಅದನ್ನು ಮುಟ್ಟಲಿಲ್ಲ. "ಹುಚ್ಚಿ, ತುಂಬಿದ ಉಡಿ ಯಾರರ ತಿರುಗಿ ತಗೊಂತಾರೇನ? ಅಕ್ಕಾರ, ಸಾಲಿ ಕಲಿಸಿದೋರು ನೀವರ ಹೇಳಬಾರದ?" ಎಂದು ನನ್ನನ್ನೇ ಗದರಿಸಿ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿದ್ದವು, ಕೈಯಲ್ಲಿ ಅಕ್ಕಿ, ಕೊಬ್ಬರಿ ಇದ್ದವು. ರೇಣುಕಾಳನ್ನು ಅದೇ ಮಣೆಯ ಮೇಲೆ ಕೂಡಿಸಿ ಮತ್ತೊಮ್ಮೆ ಉಡಿ ತುಂಬಿದಳು. ಹೊಸದೊಂದು ಹಳದಿ ಖಣ ಬೇರೆಯಾಗಿ ಕೊಟ್ಟಳು.

"ಇದು ಸಾವಿತ್ರಿದು. ಆಕಿ ಕೈಯಾಗ ಕೊಡು. ಖರೇ ಹೇಳು, ಮಗಳ. ನನ್ನ ಮಗನ ಹೆಸರು ನುಂಗಬ್ಯಾಡ."

ಆ ರಾತ್ರಿ ಬಾಗೇವಾಡಿಯಲ್ಲಿ ನನ್ನ ತಂಗಿಯ ಮನೆಯಲ್ಲಿ ಉಳಿದೆವು. ಬೆಳಿಗ್ಗೆ ಪರದೆಯ ಮೇಲೆ ಥಾಯ್ ಅಧಿಕಾರಿಣಿ ಕೈಮುಗಿದಳು; ಪಕ್ಕದ ಚೌಕದಲ್ಲಿ ಮ್ಯಾನ್ಮಾರಿನ ಅಧಿಕಾರಿ. ರೇಣುಕಾ ಎಲ್ಲ ಹೇಳಿದಳು: ಹೊಳೆಯ ದಂಡೆ, ಗೇಟು, ನೀಲಿ ನೀರಿನ ಟ್ಯಾಂಕು, ಏಜೆಂಟನ ಫೋನಿಗೆ ಕಾಯುತ್ತಿದ್ದ ಮನುಷ್ಯ. ನೀಲವ್ವನ ಮಗನ ಹೆಸರು ಬಂದಾಗ ಅದನ್ನೂ ನುಂಗಲಿಲ್ಲ. ಮಡಿಲಲ್ಲಿದ್ದ ಹಳದಿ ಖಣ ಏನೆಂದು ಥಾಯ್ ಹೆಣ್ಣುಮಗಳು ಕೇಳಿದಳು. ಉಡಿಗೆ ನನ್ನ ಇಂಗ್ಲಿಷಿನಲ್ಲಿ ಶಬ್ದವಿರಲಿಲ್ಲ. "ಇಟ್ ಬಿಲಾಂಗ್ಸ್ ಟು ದ ಗರ್ಲ್ ಹೂ ಈಸ್ ಸ್ಟಿಲ್ ದೇರ್" ಎಂದೆ. ಆಕೆ ಸಾವಿತ್ರಿಯ ಹೆಸರಿನ ಸ್ಪೆಲಿಂಗ್ ಕೇಳಿ ಬರೆದುಕೊಂಡಳು.

ಯುಗಾದಿಗೆ ಮುಂಚೆ ಸಾವಿತ್ರಿ ಮನೆಗೆ ಬಂದಳು. ಖಣ ಅವಳ ಕೈ ಸೇರಿತು.

ನೀಲವ್ವನನ್ನು ನಾನು ಕೊನೆಗೆ ಕಂಡದ್ದು ಹೇಳಿಕೆಯ ದಿನ, ವಾಪಸ್ ಬರುವಾಗ, ಮುದ್ದೇಬಿಹಾಳದ ನಿಲ್ದಾಣದಲ್ಲಿ. ಬಿಸಿಲಲ್ಲಿ ವಿಜಯಪುರದ ಬಸ್ಸಿಗೆ ಕಾಯುತ್ತಿದ್ದಳು. ಕಿಟಕಿಯಲ್ಲಿದ್ದ ರೇಣುಕಾಳತ್ತ ಗದ್ದ ಎತ್ತಿ, ಹೇಳಿದೆಯಾ ಎಂಬಂತೆ ಕೇಳಿದಳು. ರೇಣುಕಾ ಹೌದೆಂದು ತಲೆಯಾಡಿಸಿದಳು. ನೀಲವ್ವನೂ ತಲೆಯಾಡಿಸಿದಳು. ಬಗಲಲ್ಲಿ ಬಿಳಿ ಬಟ್ಟೆಯ ಬುತ್ತಿಗಂಟಿತ್ತು.

"ಜೇಲಿನೊಳಗ ಒಯ್ಯಾಕ ಬಿಡ್ತಾರೇನ್ರಿ?" ಎಂದು ನಾನು ಕೂಗಿ ಕೇಳಿದೆ.

"ಬಿಡಂಗಿಲ್ಲಂತರಿ ಅಕ್ಕಾರ" ಎಂದಳು. "ಬಿಸಿರೊಟ್ಟಿ ಅದಾವ. ಗೇಟಿನ ತನಕರ ಹೋಗಲಿ."